ಚಕ್ರ ಬಿಚ್ಚಿದ ಗಾಡಿಯಲ್ಲಿ ಕೆಲವು ದಿನ

ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವಳ ತಾಳ್ಮೆಯನ್ನು ಹೊಗಳಿದರು. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಅವಳಿಗೆ ಅಷ್ಟೇನೂ ತಾಳ್ಮೆ ಇರಲಿಲ್ಲ. ಹಾಲು ಕಾಯುವ ತನಕ ಒಲೆಯ ಮುಂದೆ ನಿಲ್ಲಲಾರದೆ ಆಗಾಗ ಉಕ್ಕಿಸಿಬಿಡುತ್ತಿದ್ದಳು. ಬಂದವರು ಹೊರಟುಹೋದ ಮೇಲೆ ನನ್ನ ಕಣ್ಣ ಮುಂದೆ ಬರುವುದು ಬೇರೆಯೇ ಚಿತ್ರ. ಬೀದಿ ಪಕ್ಕದ ಹೊಂಗೆಮರದ ಕೆಳಗೆ ಚಕ್ರಗಳೇ ಇಲ್ಲದ ಒಂದು ಕಮಾನುಗಾಡಿ ಕಲ್ಲುಗಳ ಮೇಲೆ ಕೂತಿದೆ. ಅದರೊಳಗೆ ಬಸುರಿಯಾದ ಅವಳು ಕಾಲು ಚಾಚಿಕೊಂಡು ಹುರಿಗಡಲೆ ತಿನ್ನುತ್ತಿದ್ದಾಳೆ. ಅದನ್ನು ಬರೆದಿಟ್ಟರೆ ಮನಸ್ಸು ಸ್ವಲ್ಪ ಹಗುರಾದೀತೆಂದು ಕೂತಿದ್ದೇನೆ.

ನಮ್ಮದು ಮಾಗಡಿ. ಪೇಟೆಬೀದಿಯಲ್ಲಿ ತೆಂಗಿನ ನಾರಿನ ಹಗ್ಗದ ಅಂಗಡಿ. ಮಿಡ್ಲ್ ಸ್ಕೂಲು ಮುಗಿಸಿದ ಮೇಲೆ ನಾನು ಆ ಅಂಗಡಿಯಲ್ಲೇ ಕೂತವನು. ಆಗ ನಮ್ಮೂರಿಗೆ ಬಸ್ಸು ಬರುತ್ತಿರಲಿಲ್ಲ. ರೈಲಂತೂ ಈಗಲೂ ಇಲ್ಲ. ಅವಳ ತವರು ಚನ್ನಪಟ್ಟಣ. ನನ್ನ ಮಾವ ಗೊಂಬೆ ಕಡೆಯುವವರ ಮನೆಗಳಿಂದ ಅರಗಿನ ಬಣ್ಣದ ಗೊಂಬೆಗಳನ್ನು ಕೊಂಡು ಸಂತೆಗಳಿಗೆ ಒಯ್ದು ಮಾರುತ್ತಿದ್ದರು. ಕ್ಲೋಸ್‌ಪೇಟೆಯ ಸಂತೆ, ಕಾನಕಾನಹಳ್ಳಿಯ ಸಂತೆ, ನಮ್ಮ ಮಾಗಡಿ ಸಂತೆ. ಈಗ ಆ ಎರಡು ಊರುಗಳನ್ನು ರಾಮನಗರ, ಕನಕಪುರ ಎನ್ನುತ್ತಾರೆ. ನನ್ನ ನಾಲಿಗೆಗೆ ಹಳೆಯ ಹೆಸರುಗಳೇ ಬರುತ್ತವೆ. ಅತ್ತೆಯೂ ಮಾವನ ಜೊತೆಗೇ ಹೋಗುತ್ತಿದ್ದರು. ಕಮಾನಿನ ಕೆಳಗೆ ಒಂದು ಕಡೆ ಗೊಂಬೆಯ ಬುಟ್ಟಿಗಳು, ಇನ್ನೊಂದು ಕಡೆ ಚಾಪೆ, ಮಡಕೆ, ಹಿಟ್ಟಿನ ಚೀಲ. ಸಂತೆಯ ಮೈದಾನದಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ. ತಾನು ನಡೆಯಲು ಕಲಿತದ್ದೇ ಆ ಗಾಡಿಯ ಹಲಗೆಯ ಮೇಲೆ ಎಂದು ನನ್ನವಳು ಹೇಳುತ್ತಿದ್ದಳು.

ನಮ್ಮ ಮದುವೆಯಾದ ಮರುವರ್ಷ ಅತ್ತೆ ಜ್ವರ ಬಂದು ತೀರಿಕೊಂಡರು. ಮಾವ ಸಂತೆಗೆ ಹೋಗುವುದನ್ನು ನಿಲ್ಲಿಸಿದರು. ಎತ್ತುಗಳನ್ನು ಕೇಳಿದವರ ಉಳುಮೆಗೆ ಕೊಟ್ಟು ತಾವು ಜಗುಲಿಯ ಮೇಲೆ ಕೂತರು. ಗಾಡಿ ಬೇಸಿಗೆಯೆಲ್ಲ ಮನೆಯ ಮುಂದೆ ಬಿಸಿಲಲ್ಲಿ ನಿಂತಿತ್ತು.

ಅಷ್ಟು ಹೊತ್ತಿಗೆ ನನ್ನವಳು ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಕರೆದುಕೊಂಡು ಹೋಗಬೇಕು. ಎಂಟರಲ್ಲಿ ಬಸುರಿ ಮನೆಯಿಂದ ಹೊರಡಬಾರದು. ಒಂಬತ್ತರಲ್ಲಿ ಹೋಗಬಹುದು, ಆದರೆ ಕಲ್ಲುದಾರಿಯಲ್ಲಿ ಚನ್ನಪಟ್ಟಣದವರೆಗೆ ಕರೆದೊಯ್ಯುವ ಧೈರ್ಯ ಯಾರಿಗೂ ಇರಲಿಲ್ಲ. ತಾಯಿಯಿಲ್ಲದ ಮನೆಗೆ ಕಳಿಸುವುದೇ ಬೇಡ, ಬಾಣಂತನ ನಾನೇ ಮಾಡುತ್ತೇನೆ ಎಂದು ನನ್ನ ಅವ್ವ ಹೇಳಿದಳು. ಮಾವ ಮಾತ್ರ ನನ್ನ ಅಕ್ಕನನ್ನು ಮನೆಗೆ ಕರೆಸಿಕೊಂಡಿದ್ದೇನೆ, ನಾನೇ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದರು. ನನಗೆ ಅವ್ವನ ಮಾತೇ ಸರಿಯೆನಿಸಿತ್ತು. ನನ್ನವಳು ನನ್ನನ್ನು ಹಿತ್ತಿಲಿಗೆ ಕರೆದು, "ಬಾಣಂತನ ಎಲ್ಲಾದ್ರೂ ಆಯ್ತದೆ. ನಾನ್ ಓಗ್ದಿದ್ರೆ ನಮ್ಮಪ್ಪ ಇನ್ ಯಾವತ್ತೂ ಎತ್ತು ಕಟ್ಟಾಕಿಲ್ಲ" ಅಂದಳು. ಆ ಮೇಲೆ ನಾನು ಬೇಡವೆನ್ನಲಿಲ್ಲ.

ಮಾವ ಬರುವಾಗ ಏಳನೆಯ ತಿಂಗಳು ಮುಗಿಯುತ್ತ ಬಂದಿತ್ತು. ಗಾಡಿ ಬೀದಿಯ ತಿರುವಿನಲ್ಲಿ ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಬಿಗಿಯಾದ ಚಕ್ರ ಕಲ್ಲಿನ ಮೇಲೆ ಒಂದೇ ದನಿಯಲ್ಲಿ ಉರುಳುತ್ತದೆ. ಇದು ಲಟಲಟ ಎನ್ನುತ್ತಿತ್ತು. ಹತ್ತಿರ ಬಂದಾಗ ನೋಡಿದರೆ ಚಕ್ರಗಳು ನೀರು ಕುಡಿದು ಕಪ್ಪಗಾಗಿದ್ದವು. ಚಕ್ರದ ಸುತ್ತ ತೊಡಿಸುವ ಕಬ್ಬಿಣದ ಪಟ್ಟಿಗೆ ನಾವು ಹಳಿ ಎನ್ನುತ್ತೇವೆ. ಹಳಿ ಹೊಚ್ಚ ಹೊಸದು. ಆದರೆ ಎಡಚಕ್ರದಲ್ಲಿ ಹಳಿಗೂ ಮರಕ್ಕೂ ನಡುವೆ ಅಲ್ಲಲ್ಲಿ ಚಕ್ಕೆ ಹೊಡೆದು ಸಿಕ್ಕಿಸಿದ್ದರು.

ನಡೆದದ್ದನ್ನು ಮಾವ ಊಟಕ್ಕೆ ಕೂತಾಗ ಹೇಳಿದರು. ಬಿಸಿಲಿಗೆ ಮರ ಒಣಗಿ ಹಳೆಯ ಹಳಿ ಸಡಿಲವಾಗಿತ್ತು. ಎಲ್ಲರೂ ಮಾಡುವಂತೆ ಚಕ್ರಗಳನ್ನು ಬಿಚ್ಚಿ ಕೆರೆಯಲ್ಲಿ ಮುಳುಗಿಸಿಟ್ಟರು. ನೀರು ಕುಡಿದ ಮರ ಉಬ್ಬಿ ಹಳಿಯನ್ನು ಕಚ್ಚಿಕೊಳ್ಳುತ್ತದೆ. ಆದರೆ ಆ ಹಳಿ ಸವೆದು ತೆಳ್ಳಗಾಗಿತ್ತು. ಬಸುರಿ ಕೂರುವ ಗಾಡಿಗೆ ಇದು ಬೇಡವೆನಿಸಿ ಹೊಸದನ್ನು ಹಾಕಿಸಲು ಹೊರಟರು. ಅಲ್ಲಿ ಅವಸರವಾಯಿತು. ಕೆರೆಯಿಂದ ತೆಗೆದ ಚಕ್ರಗಳನ್ನು ಹಾಗೆಯೇ ಕುಲುಮೆಗೆ ಉರುಳಿಸಿಕೊಂಡು ಹೋಗಿ, ಉಬ್ಬಿದ ಮರದ ಮೇಲೆ ಅಳತೆ ತೆಗೆಸಿ ಹಳಿ ಕಟ್ಟಿಸಿದರು. ಇಂಥ ಕೆಲಸದಲ್ಲಿ ಅತ್ತೆ ಯಾವಾಗಲೂ ಪಕ್ಕದಲ್ಲಿ ನಿಂತು, ಒಣಗಿತಾ, ಒಣಗಿತಾ ಎಂದು ಕೇಳುತ್ತಿದ್ದರಂತೆ. ಈ ಸಲ ಕೇಳುವವರಿರಲಿಲ್ಲ. ಕೆಂಗಲ್ ಮೇಲೆ ಹೋಗುವ ಮೈಸೂರು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಕ್ಲೋಸ್‌ಪೇಟೆ ದಾಟಿ ಬೆಟ್ಟಗಳ ನಡುವೆ ಬರುವಾಗ ಮರ ಒಣಗಿತು, ಒಂದು ಮರಳುಹಳ್ಳದಲ್ಲಿ ಎಡಚಕ್ರದ ಹಳಿ ಅರ್ಧ ಜಾರಿತು. ಎತ್ತು ಬಿಚ್ಚಿ, ಹಳಿಯನ್ನು ಬಡಿದು ಕೂರಿಸಿ, ಚಕ್ಕೆ ಸಿಕ್ಕಿಸಿ, ದಾರಿಯಲ್ಲಿ ಸಿಕ್ಕ ನೀರಿನಲ್ಲೆಲ್ಲ ಗಾಡಿ ನಿಲ್ಲಿಸಿ ಚಕ್ರ ನೆನೆಸುತ್ತ ಬಂದಿದ್ದರು.

ನಮ್ಮೂರ ಕೆರೆಯಲ್ಲಿ ಚಕ್ರಗಳನ್ನು ಒಮ್ಮೆ ಚೆನ್ನಾಗಿ ನೆನೆಸಿ ಮಾರನೆಯ ಬೆಳಿಗ್ಗೆ ಹೊರಟುಬಿಡುವುದು ಅವರ ಲೆಕ್ಕ. ಹಾಗೆಯೇ ನೆನೆಸುತ್ತ ನೆನೆಸುತ್ತ ಚನ್ನಪಟ್ಟಣ ಮುಟ್ಟಬಹುದು ಎಂದರು.

ನನಗೆ ಆ ಮರಳುಹಳ್ಳದ್ದೇ ಯೋಚನೆ. ಆ ಹಳ್ಳದಲ್ಲಿ ಗಾಡಿ ಖಾಲಿಯಿತ್ತು. ಇಳಿಜಾರಿನಲ್ಲಿ, ಒಳಗೆ ಅವಳಿರುವಾಗ ಹಳಿ ಕಳಚಿದರೆ ಮರ ಒಡೆದು ಗಾಡಿ ಒಂದು ಮಗ್ಗುಲಿಗೆ ಕೆಡೆಯುತ್ತದೆ. ಆದರೆ ಹೆಂಡತಿಯನ್ನು ಕಳೆದುಕೊಂಡು, ಮಗಳನ್ನು ಕರೆದೊಯ್ಯಲು ಮೊದಲ ಸಲ ಜಗುಲಿ ಬಿಟ್ಟು ಎದ್ದು ಬಂದ ಮನುಷ್ಯನಿಗೆ, ನಿಮ್ಮ ಗಾಡಿಯಲ್ಲಿ ಕಳಿಸುವುದಿಲ್ಲ ಎಂದು ಅಳಿಯನಾದವನು ಹೇಗೆ ಹೇಳುವುದು? ಬಾಡಿಗೆ ಗಾಡಿ ಮಾಡೋಣವೆಂದರೂ ಅದೇ ಅರ್ಥ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ನನ್ನವಳು ಮಜ್ಜಿಗೆ ಬಡಿಸಿ ಹೊರಗೆ ಹೋದಳು. ಚಕ್ರದ ಹತ್ತಿರ ನಿಂತು ಒಂದು ಕಲ್ಲಿನಿಂದ ಹಳಿಯ ಮೇಲೆ ಸುತ್ತಲೂ ತಟ್ಟಿದ್ದು ಒಳಗೆ ಕೇಳಿಸಿತು. ಬಿರುಕು ಬಿಟ್ಟ ಮಡಕೆಯ ಹಾಗೆ ಬೊದಬೊದ ಸದ್ದು. ತಿರುಗಿ ಬಂದು ಬಾಗಿಲಲ್ಲಿ ನಿಂತಳು.

"ಅಪ್ಪಯ್ಯ, ಈ ಹಳೀಲಿ ನಾನ್ ಬರಾಕಿಲ್ಲ. ಗಾಡೀಲಿ ಬತ್ತೀನಿ. ಹಳಿ ಬಿಚ್ಚಿಸಿ, ಚಕ್ರ ಒಣಗ್ಸಿ, ಬೇರೆ ಕಟ್ಸು."

ಮಾವನ ಮುಖ ಇಳಿದುಹೋಯಿತು. ಅಷ್ಟರಲ್ಲಿ ಎಂಟನೇ ತಿಂಗಳು ಹುಟ್ಟುತ್ತದೆ, ಆಮೇಲೆ ಯಾರು ಕಳಿಸುತ್ತಾರೆ, ನಿಮ್ಮವ್ವ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಏನೇನೋ ಹೇಳಿದರು. ಅವರು ಎಲೆಯ ಮುಂದೆಯೇ ಅತ್ತುಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

ಆಗ ನನ್ನ ಅವ್ವ ಬಾಯಿ ಹಾಕಿದಳು. ಕಳಿಸಲು ಮೊದಲಿಂದಲೂ ಒಪ್ಪದವಳು ಅವಳೇ. "ಯಾಕ್ ಅಂಗ್ ಮುಖ ಮಾಡ್ತೀರಿ ಬೀಗ್ರೆ? ಎಂಟ್ರಲ್ಲಿ ಒಸ್ಲು ದಾಟ್‌ಬಾರ್ದು ಅಂದವ್ರೆ. ಏಳ್ರಲ್ಲೇ ದಾಟ್ಬುಟ್ರೆ ಆಯ್ತಲ್ಲ. ನಾಳಿಕ್ಕೆ ಗಳಿಗೆ ನೋಡಿ ಪಯಣ ಎತ್ತಿಡಾನ."

ಹಾಗೆ ಮಾಡುವ ವಾಡಿಕೆ ನಮ್ಮಲ್ಲಿ ಇದ್ದೇ ಇತ್ತು. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದಿದ್ದರೆ ಆ ಗಳಿಗೆಗೆ ಗಂಟುಮೂಟೆ ಸಮೇತ ಮನೆ ಬಿಟ್ಟು ನೆರೆಮನೆಯಲ್ಲಿ ಹೋಗಿ ಇರುವುದು. ಮತ್ತೆ ಮನೆಯೊಳಗೆ ಕಾಲಿಡಬಾರದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವತ್ತು ಹೊರಟರೂ ಅದೇ ಗಳಿಗೆಯ ಪ್ರಯಾಣ. ನೆರೆಮನೆಯವರೂ ಒಪ್ಪಿದರು. ಆದರೆ ನನ್ನವಳು, ನೆರೆಮನೆ ಯಾಕೆ, ಗಾಡಿಯೇ ಇದೆಯಲ್ಲ, ನಾನು ಗಾಡಿಯಲ್ಲೇ ಇರುತ್ತೇನೆ ಎಂದಳು. ಆ ದಿನ ಮಾವ ಮೊದಲ ಸಲ ನಕ್ಕರು.

ಮಾರನೆಯ ಬೆಳಿಗ್ಗೆ ಗಾಡಿಯನ್ನು ಹೊಂಗೆಮರದ ಕೆಳಗೆ ಸಮನೆಲ ನೋಡಿ ನಿಲ್ಲಿಸಿದೆವು. ಚಕ್ರ ಬಿಚ್ಚುವಾಗ ಮಾವ ಹಿಂದಿನ ಅವಸರವನ್ನೆಲ್ಲ ಮರೆತಂತಿದ್ದರು. ಮೊದಲು ಎತ್ತುಗಳನ್ನು ಬಿಚ್ಚಿ ದೂರ ಕಟ್ಟಿಸಿದರು. ನೊಗ ಕಟ್ಟುವ ಮುಂದಿನ ತೊಲೆ ಮೂಕಿ, ಅದರ ಕೆಳಗೆ ಊರುಗೋಲು ಕೊಟ್ಟರು. ಬಿಚ್ಚದ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಕಲ್ಲು ಒತ್ತಿಟ್ಟ ಮೇಲೆಯೇ ಇನ್ನೊಂದನ್ನು ಮುಟ್ಟಿದ್ದು. ಅಚ್ಚನ್ನು ಸನ್ನೆಗೋಲಿನಿಂದ ಎತ್ತಿ ಕೆಳಗೆ ಚಪ್ಪಡಿ ಪೇರಿಸಿದರು. ಮೇಲಿನ ಕಲ್ಲಿನ ಮೇಲೆ ಒಂದು ಮರದ ತುಂಡು ಇಟ್ಟರು, ಅಚ್ಚಿನ ಕಬ್ಬಿಣ ಕಲ್ಲಿನ ಮೇಲೆ ಜಾರದಿರಲೆಂದು. ಗಾಡಿಯನ್ನು ಅಲ್ಲಾಡಿಸಿ ನೋಡಿ, ಅದು ಕದಲದಿದ್ದಾಗ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿ ತೆಗೆದು ಚಕ್ರ ಎಳೆದರು. ಅಷ್ಟೂ ಹೊತ್ತು ನಾನು ಕಾಲನ್ನು ಗಾಡಿಯ ಕೆಳಗೆ ಇಟ್ಟಾಗಲೆಲ್ಲ, "ಕಾಲು ಈಚೆಗೆ ತಗೊಳ್ಳಿ ಅಳಿಯಂದ್ರೆ, ಅದು ನಿಮ್ಗೂ ಬೇಕು, ನನ್ ಮಗಳ್ಗೂ ಬೇಕು" ಎನ್ನುತ್ತಿದ್ದರು.

ಗಳಿಗೆ ಕೂಡಿದಾಗ ಅವಳು ಉಡಿ ತುಂಬಿಸಿಕೊಂಡು ಹೊಸಿಲು ದಾಟಿ, ಸೀದಾ ಬಂದು ಗಾಡಿ ಹತ್ತಿ ಕೂತಳು. ಅವ್ವನೂ ಸೊಸೆಯ ಜೊತೆ ಮಲಗಲು ಚಾಪೆ ತಂದಳು. ಅಲ್ಲಿಂದ ಮುಂದೆ ಆ ಬೀದಿಯಲ್ಲಿ ಹೋಗುವವರಿಗೆಲ್ಲ ಅದೇ ಮೋಜು. ಎಣ್ಣೆಗಾಣದ ಮುದುಕ ಬೆಳಿಗ್ಗೆ ಸಂಜೆ ನಿಂತು ಕೇಳುತ್ತಿದ್ದ.

"ಏನವ್ವಾ, ಚನ್ನಪಟ್ಣ ಬಂತಾ?"

"ಇನ್ನೂ ಕ್ಲೋಸ್‌ಪೇಟೆ ದಾಟಿಲ್ಲ ಕಣಣ್ಣ. ಎತ್ತು ಒಸಿ ಸೋಮಾರಿ."

ಹಳಿ ಕಳಚಿದ ಚಕ್ರಗಳನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಒರಗಿಸಿದ್ದೆವು. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ, ಆದರೆ ಸೀಳು ಬಿಡುತ್ತದೆ. ಮಾವ ದಿನವೂ ಚಕ್ರದೊಳಗಿನ ಕಡ್ಡಿಗಳಾದ ಆರೆಕಾಲುಗಳನ್ನು ಬೆರಳಿನಿಂದ ಮೀಟಿ, ಕೆನ್ನೆಗೆ ಒತ್ತಿ ತಂಪು ಉಳಿದಿದೆಯೇ ಎಂದು ನೋಡುತ್ತಿದ್ದರು. ನನಗೆ ತಡವಾಗುತ್ತಿದೆಯೆಂಬ ಚಿಂತೆ. ಅವರು ಈಗ ಮಗಳನ್ನು ಕೇಳುತ್ತಿದ್ದರು, ಒಣಗಿತಾ ಅಂತ. ಅವಳು ಗಾಡಿಯೊಳಗಿಂದಲೇ ಕಲ್ಲು ತೋರಿಸಿ ತಟ್ಟಲು ಹೇಳುತ್ತಿದ್ದಳು. ಕೇಳಿಸಿಕೊಂಡು, ಇನ್ನೂ ಇಲ್ಲ ಎನ್ನುತ್ತಿದ್ದಳು. ಮಧ್ಯಾಹ್ನಗಳಲ್ಲಿ ಅಪ್ಪ ಮಗಳು ಅತ್ತೆಯ ವಿಷಯ ಮಾತಾಡುತ್ತಿದ್ದರು. ಯಾವ ಸಂತೆಯಲ್ಲಿ ಯಾರೊಡನೆ ಜಗಳವಾಡಿದ್ದಳು, ಮಳೆ ಬಂದಾಗ ಗೊಂಬೆಗಳನ್ನು ಸೆರಗಲ್ಲಿ ಹೇಗೆ ಸುತ್ತಿಕೊಂಡಿದ್ದಳು ಎಂದೆಲ್ಲ. ಅತ್ತೆ ಹೋದ ಮೇಲೆ ಮಾವ ಅವರ ವಿಷಯವನ್ನು ಇಷ್ಟು ಹೊತ್ತು ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹಳಿ ಆರಿಸುವಾಗ ಒಂದು ಚರ್ಚೆ ನಡೆಯಿತು. ಮಾವ ಹಾಕಿಸಿದ್ದು ಕಿರಿದಾದ, ದಪ್ಪ ಹಳಿ. ಮೈಸೂರು ರಸ್ತೆಯ ಜಲ್ಲಿಗೆ ಅದು ಹಗುರವಾಗಿ ಉರುಳುತ್ತದೆ, ಬೇಗ ಸವೆಯುವುದಿಲ್ಲ. ಆದರೆ ನಮ್ಮ ಕಡೆಯ ಮರಳಿನಲ್ಲಿ ಕತ್ತಿಯ ಹಾಗೆ ಇಳಿದುಬಿಡುತ್ತದೆ. ಅಗಲವಾದದ್ದು ಎತ್ತುಗಳಿಗೆ ಸ್ವಲ್ಪ ಭಾರ, ಆದರೆ ಹೂಳುವುದಿಲ್ಲ, ಕುಲುಕಾಟವೂ ಕಡಿಮೆ. ಅಗಲದ್ದೇ ಆಗಲಿ ಎಂದಾಯಿತು. ಜಾರಿದ್ದು ಎಡಗಡೆಯದು ಮಾತ್ರ, ಅದೊಂದನ್ನೇ ಬದಲಾಯಿಸಿದರೆ ಸಾಲದೇ ಎಂದು ನಾನು ಕೇಳಿದೆ. ಒಂದು ಕಡೆ ಅಗಲ, ಒಂದು ಕಡೆ ಕಿರಿದಾದರೆ ಗಾಡಿ ಒಂದೇ ಮಗ್ಗುಲಿಗೆ ಎಳೆಯುತ್ತದೆ, ನೊಗದಡಿ ಒಂದೇ ಎತ್ತು ಸವೆಯುತ್ತದೆ ಎಂದರು ಮಾವ. ಜೊತೆಗೆ ಬಲಗಡೆಯದನ್ನೂ ಹಸಿ ಮರಕ್ಕೇ ಕಟ್ಟಿದ್ದರಲ್ಲ. ಎರಡನ್ನೂ ಬದಲಾಯಿಸಿದೆವು.

ತಟ್ಟಿದಾಗ ಒಣಗಿದ ಮರ ಕಣಕಣ ಎಂದ ದಿನ ಚಕ್ರಗಳನ್ನು ಕುಲುಮೆಗೆ ಒಯ್ದೆವು. ಹಳಿಯನ್ನು ಚಕ್ರಕ್ಕಿಂತ ಒಂದಿಷ್ಟು ಚಿಕ್ಕದಾಗಿ ಬೆಸೆದು, ನೆಲದ ಮೇಲೆ ಮಲಗಿಸಿ, ಸುತ್ತಲೂ ಬೆರಣಿ ಒಟ್ಟಿ ಉರಿ ಹಾಕಿದರು. ಕೆಂಪಗೆ ಕಾದು ಹಿಗ್ಗಿದ ಹಳಿಯನ್ನು ಇಕ್ಕಳಗಳಿಂದ ಎತ್ತಿ ಚಕ್ರದ ಮೇಲೆ ಇಳಿಸಿದರು. ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಮಾವ ಕೊಡದ ಮೇಲೆ ಕೊಡ ಸುರಿದರು. ಹೊಗೆಯೊಳಗೆ ಹಳಿ ಕುಗ್ಗುತ್ತ, ಆರೆಕಾಲುಗಳು ಚಕ್ರದ ನಡುವಿನ ಗುಂಬದೊಳಕ್ಕೆ ಇನ್ನಷ್ಟು ನುಗ್ಗುತ್ತ ಕಿರ್ರೆಂದವು. ಮಾವನ ಹುಬ್ಬು ಸುಟ್ಟಿತ್ತು. ಅವರಿಗೆ ಅದರ ಗಮನವೇ ಇರಲಿಲ್ಲ.

ಹೊರಟ ದಿನ ಎಂಟನೆಯ ತಿಂಗಳು ಹುಟ್ಟಿಯಾಗಿತ್ತು. ಯಾರೂ ಆ ಮಾತೆತ್ತಲಿಲ್ಲ. ಅವಳು ಹೊರಟು ಎಷ್ಟೋ ದಿನವಾಗಿತ್ತಲ್ಲ. ಮೊದಲು ನೆಲದ ಮೇಲೆ ಹುಲ್ಲು ಹಾಸಿ ಅವಳನ್ನು ಅಲ್ಲಿ ಕೂರಿಸಿ, ಖಾಲಿ ಗಾಡಿಯನ್ನು ಕೆರೆಯ ಏರಿಯವರೆಗೆ ಓಡಿಸಿ ತಂದು ಕಡಾಣಿ ನೋಡಿದೆವು. ಆಮೇಲೆ ಹುಲ್ಲನ್ನೆಲ್ಲ ಗಾಡಿಗೆ ತುಂಬಿ ಅವಳನ್ನು ಕೂರಿಸಿದೆವು. ನಾನೂ ಜೊತೆಗೆ ಹೊರಟೆ. ಮರಳುಹಳ್ಳದ ಇಳಿಜಾರು ಬಂದಾಗ ನಾನು ಕೆಳಗಿಳಿದು ಎಡಚಕ್ರದ ಪಕ್ಕದಲ್ಲಿ ಅದನ್ನೇ ನೋಡುತ್ತ ನಡೆದೆ. ಹಳಿ ಮರಳನ್ನು ಒತ್ತಿಕೊಂಡು, ಹೂಳದೆ, ಆಚೆ ದಡ ಹತ್ತಿತು. ಒಳಗೆ ಇಣುಕಿದರೆ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಅವಳನ್ನು ಬಿಟ್ಟು ನಾನು ಮಾಗಡಿಗೆ ಮರಳಿದೆ. ಮುಂದಿನ ದಿನಗಳಲ್ಲಿ ಚನ್ನಪಟ್ಟಣದ ಕಡೆಯಿಂದ ಬಂದವರನ್ನೆಲ್ಲ ಕೇಳಿದೆ, ಯಾರಿಗೂ ಏನೂ ಗೊತ್ತಿರಲಿಲ್ಲ. ಕೊನೆಗೊಂದು ಸಂತೆಯ ದಿನ ಮಾವನ ಗಾಡಿಯೇ ಬಂತು. ಸುದ್ದಿ ತಂದಿರಬೇಕೆಂದು ಓಡಿದೆ. ಕಮಾನಿನೊಳಗೆ ತುಂಬ ಗೊಂಬೆಯ ಬುಟ್ಟಿಗಳಿದ್ದವು. ಮಾವ ಗೋಣಿತಟ್ಟು ಹಾಸಿ, ಕೆಂಪು ಹಳದಿ ಬುಗುರಿಗಳನ್ನು ಸಾಲಾಗಿ ಇಡುತ್ತಿದ್ದರು.

"ಎಣ್ಣು ಕಣಪ್ಪ. ಇಬ್ರೂ ಚೆನ್ನಾಗವ್ರೆ" ಎಂದರು. ನಾನು ಇನ್ನೇನೋ ಕೇಳುವಷ್ಟರಲ್ಲಿ ಯಾರೋ ಗಿಲಕಿಯ ಬೆಲೆ ಕೇಳಿದರು, ಮಾವ ಆ ಕಡೆ ತಿರುಗಿದರು. ನಾನು ಹೋಗಿ ಅಂಗಡಿಯ ಬಾಗಿಲು ಹಾಕಿ ಬಂದು, ಸಂಜೆಯವರೆಗೆ ಅವರ ಪಕ್ಕದಲ್ಲಿ ಕೂತು ಗೊಂಬೆ ಮಾರಿದೆ.