ನಿಜ್ವಾ ಮೈದಾನದಲ್ಲಿ ನಾನು ಕೂಗಿಸಿದ ಮಾತು

ಕಾಕೂ, ನಿಜ್ವಾ ಊರಿನ ಮೈದಾನದಲ್ಲಿ ಆ ದಿನ ಅರಬ್ಬಿ ಹುಡುಗರ ಬಾಯಲ್ಲಿ ನಿಮ್ಮ ಮಾತು ಕೇಳಿ ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಲ್ಲ — ಆ ಮಾತನ್ನು ಅವರಿಗೆ ಕಲಿಸಿದವಳು ನಾನು. ನಿಮ್ಮ ಮಗನಿಗೆ ಧೈರ್ಯ ಹೇಳಲಿಕ್ಕಲ್ಲ. ಅವನ ಧೈರ್ಯ ಕೆಡಿಸಲಿಕ್ಕೆ.

ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನನ್ನನ್ನು ನಾನು ಬಲ್ಲೆ. ಸ್ವಲ್ಪ ಜಾಗ ಸಿಕ್ಕರೆ ಸಾಕು, ಆಗಿನ ಸಂದರ್ಭ, ಆಗಿನ ವಯಸ್ಸು ಎಂದು ಪೀಠಿಕೆ ಶುರು ಮಾಡುತ್ತೇನೆ. ಪೀಠಿಕೆ ಮುಗಿಯುವ ಹೊತ್ತಿಗೆ ತಪ್ಪು ಯಾರದೋ ಆಗಿರುತ್ತದೆ. ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಅದನ್ನೇ. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ — ನಂಬಿಕೆಯನ್ನು ಆಮೇಲೆ ಹುಟ್ಟಿಸಿಕೊಂಡರಾಯಿತು. "ಏನ್ ಬಾಯಿ ಅದವಾ ನಿಂದು, ಸಿಂಧೂ! ವಕೀಲ್ರೂ ನಿನ್ನ ಮುಂದ ಕೈ ಕಟ್ಟಬೇಕು ನೋಡು" ಎಂದು ನೀವು ನನ್ನ ಬಹುಮಾನಗಳನ್ನು ನೋಡಿ ಹೇಳುತ್ತಿದ್ದಿರಿ. ನಾನು ಹಿಗ್ಗುತ್ತಿದ್ದೆ.

ನಿಮ್ಮ ಪ್ರಮೋದ, ರಕ್ಷಿತ್, ನಾನು — ಮೂವರೂ ಮಸ್ಕತ್ತಿನ ಒಂದೇ ಶಾಲೆಯಲ್ಲಿ ಓದಿದೆವು. ನಿಮ್ಮದು ಧಾರವಾಡ, ನಮ್ಮದು ಮೈಸೂರು, ರಕ್ಷಿತನದು ಮಂಗಳೂರು. ನಮ್ಮ ಮೂರು ಬಗೆಯ ಕನ್ನಡ ಕೇಳಿ ಉಳಿದವರು ಇವು ಮೂರು ಭಾಷೆ ಎಂದುಕೊಂಡಿದ್ದರು. ಪ್ರಮೋದ ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಒಂದು ಸಂಜೆ ಮ್ಯಾಚಿಗೆ ಮುಂಚೆ ಅವನು ಕಾಣಿಸಲಿಲ್ಲ. ರಕ್ಷಿತನೂ ನಾನೂ ಹುಡುಕಿಕೊಂಡು ಹೋದರೆ ಬಟ್ಟೆ ಬದಲಾಯಿಸುವ ಕೋಣೆಯ ಹಿಂದೆ, ಏಸಿ ಪೆಟ್ಟಿಗೆಗಳ ಸದ್ದಿನ ನಡುವೆ, ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ. ನಿಮ್ಮ ದನಿ ಫೋನಿನೊಳಗೆ ಹಿಡಿಸುವಂಥದ್ದಲ್ಲವಲ್ಲ ಕಾಕೂ, ನಮಗೂ ಕೇಳಿಸಿತು: "ಹೆದರಬ್ಯಾಡೋ ರಾಜಾ, ನಾ ಅದೀನಿ."

ಅವನು ಕಣ್ಣು ತೆರೆದಾಗ ನಾವಿಬ್ಬರೂ ಎದುರಿಗಿದ್ದೆವು. ಅವನ ಮುಖ ಕೆಂಪಾಯಿತು. "ನಗಬ್ಯಾಡ್ರಿ" ಎಂದ. "ಅವ್ವ ಹಂಗ ಅಂದ್ರನ ನನ್ನ ಕೈ ನಡಗೂದು ನಿಲ್ತದ. ಯಾರ ಮುಂದೂ ಹೇಳಬ್ಯಾಡ್ರಿ, ಕೈ ಮುಗೀತೀನಿ."

ನಾನು ನಗಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು...

ಆಮೇಲೆ ಕಾಕಾ ಅವರಿಗೆ ನಿಜ್ವಾದ ಆಸ್ಪತ್ರೆಯಲ್ಲಿ ಯಂತ್ರಗಳ ಉಸ್ತುವಾರಿಯ ಕೆಲಸ ಸಿಕ್ಕಿ ನೀವು ಅಲ್ಲಿಗೆ ಹೋದಿರಿ. ಪ್ರಮೋದ ಅಲ್ಲಿಯ ವಿಶ್ವವಿದ್ಯಾಲಯ ಸೇರಿದ. ರಕ್ಷಿತ್ ಮತ್ತು ನಾನು ಮಸ್ಕತ್ತಿನ ಒಂದು ಕಾಲೇಜು ಸೇರಿದೆವು. ಎರಡನೆಯ ವರ್ಷ ನಮ್ಮ ತಂಡ ನಿಜ್ವಾಕ್ಕೆ ಹೋಗಿ ಪ್ರಮೋದನ ತಂಡದ ವಿರುದ್ಧ ಆಡಬೇಕಾಗಿ ಬಂತು.

ಎದುರಾಳಿಯ ಊರಿಗೆ ಹೋಗುವ ಬೆಂಬಲಿಗರ ಬಸ್ಸು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕು. ನನ್ನ ತಪ್ಪನ್ನು ಬಸ್ಸಿನ ಮೇಲೆ ಹೊರಿಸಲಿಕ್ಕಲ್ಲ. ಅದು ಎಷ್ಟು ಸಂತೋಷದ ಜಾಗದಲ್ಲಿ ನಡೆಯಿತು ಎಂದು ನಿಮಗೆ ತಿಳಿಯಲಿ ಎಂದು. ಹಮದ್ ಎಂಬ ಹುಡುಗನ ತೊಡೆಯ ಮೇಲೆ ದೊಡ್ಡ ಡೋಲು. ಅವನು ಒಂದು ಸಾಲು ಎತ್ತಿದರೆ ಇಡೀ ಬಸ್ಸು ಇನ್ನೊಂದು ಸಾಲು. ಒಮಾನಿಗಳು, ಮಲಯಾಳಿಗಳು, ಒಬ್ಬ ಸುಡಾನಿ, ಪಾಕಿಸ್ತಾನದ ಇಬ್ಬರು — ದಾರಿಯ ಸುಮೈಲ್ ಊರು ದಾಟಿ ಎರಡೂ ಕಡೆ ಬೋಳು ಬೆಟ್ಟಗಳು ಶುರುವಾಗುವ ಹೊತ್ತಿಗೆ ಯಾರ ಗಂಟಲು ಯಾವುದು ಎಂದು ತಿಳಿಯುತ್ತಿರಲಿಲ್ಲ. ತಮ್ಮ ಊರಿನಲ್ಲಿ ಕೂಗುವವರಿಗೆ ಅವಸರವಿಲ್ಲ, ಮೈದಾನವೇ ಅವರದು. ಹೊರಗಿನಿಂದ ಹೋದವರದು ಹಾಗಲ್ಲ. ನಾವು ಗ್ಯಾಲರಿಯ ಒಂದು ಮೂಲೆಯಷ್ಟೇ. ಕಡಿಮೆ ಇದ್ದೇವೆ ಎಂಬ ಅಂಜಿಕೆಯೇ ಕೂಗಾಗಿ ಹೊರಬರುತ್ತದೆ. ಪಕ್ಕದವಳ ಹೆಸರು ಗೊತ್ತಿರುವುದಿಲ್ಲ, ಆದರೂ ಅವಳ ಹೆಗಲು ಹಿಡಿದುಕೊಂಡಿರುತ್ತೇವೆ.

ನಾನು ಇಂಥದ್ದನ್ನೆಲ್ಲ ಅನುಮಾನದಿಂದ ನೋಡುವವಳು. ಗುಂಪಿಗೆ ತಲೆ ಇರುವುದಿಲ್ಲ ಎಂಬ ವಾದ ಮಂಡಿಸಿ ಗೆದ್ದವಳು. ಬಸ್ಸಿನಲ್ಲೂ ಕೂಗದೆ ಕೂತಿದ್ದೆ. ಹಮದ್ ಬಂದು ನಮ್ಮ ಎಂದಿನ ಇಂಗ್ಲಿಷು, ಹಿಂದಿ, ಅರಬ್ಬಿಯ ಕಲಬೆರಕೆಯಲ್ಲಿ ಕೆಣಕಿದ: "ಯಲ್ಲಾ, ಮೇಡಂ! ಮೈಕ್ ಇಲ್ಲದೆ ಬಾಯಿ ಬರೋದಿಲ್ವಾ? ಅವರ ಗೋಲ್‌ಕೀಪರ್ ನಿನ್ನ ದೋಸ್ತ್ ಅಂತೆ. ಸೆಕೆಂಡ್ ಹಾಫಿಗೆ ಏನಾದರೂ ಕೊಡು."

ಸೆಕೆಂಡ್ ಹಾಫಿಗೆ — ಯಾಕೆಂದರೆ ಆಗ ತಂಡಗಳು ದಿಕ್ಕು ಬದಲಿಸುತ್ತವೆ, ಅವರ ಗೋಲ್‌ಕೀಪರ್ ನಮ್ಮ ಗ್ಯಾಲರಿಗೆ ಬೆನ್ನು ಹಾಕಿ, ಕೈಗೆ ಸಿಗುವಷ್ಟು ಹತ್ತಿರ ಬಂದು ನಿಲ್ಲುತ್ತಾನೆ. ಅವನಿಗೆಂದೇ ಒಂದು ಕೂಗನ್ನು ಕಾದಿರಿಸಿಕೊಳ್ಳುವುದು ಇಂಥ ಬಸ್ಸುಗಳ ಪದ್ಧತಿ.

ಪ್ರಮೋದನ ಮೇಲೆ ನನಗೆ ಸಿಟ್ಟಿತ್ತು ಎಂದು ಹೇಳಲು ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಇರಲಿಲ್ಲ ಕಾಕೂ. ಹಿಂದಿನ ದಿನ ತಾನೇ ಅವನ ಜೊತೆ ಮಾತಾಡಿದ್ದೆ. "ಅವ್ವ ಮೊದಲನೇ ಸಲ ಮ್ಯಾಚ್ ನೋಡಾಕ ಬರಾಕತ್ತಾಳ" ಎಂದು ಅವನು ಹೇಳಿದ್ದ. ಅವನು ಎಷ್ಟು ಖುಷಿಯಾಗಿದ್ದ ಎಂದರೆ... ಇರಲಿ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನನ್ನ ಬಳಿ ಯಾರ ಬಳಿಯೂ ಇಲ್ಲದ್ದೊಂದು ಇತ್ತು. ಅಷ್ಟೇ ಕಾರಣ.

ನಾನು ಹೇಳಿಕೊಟ್ಟೆ. ಅರ್ಥವನ್ನೂ ಹೇಳಿದೆ — ಇದು ಇವನ ಅಮ್ಮ ಫೋನಿನಲ್ಲಿ ಹೇಳುವ ಮಾತು, ಇದಿಲ್ಲದೆ ಇವನು ಮೈದಾನಕ್ಕೆ ಇಳಿಯುವುದಿಲ್ಲ. ಬಸ್ಸು ನಕ್ಕು ಉರುಳಿತು. ಹಮದ್ ಡೋಲಿನಲ್ಲಿ ಅದಕ್ಕೆ ತಾಳ ಕೂಡಿಸಿದ: "ಹೆದರಬ್ಯಾಡೋ ರಾಜಾ" — ಎರಡು ಪೆಟ್ಟು — "ನಾ ಅದೀನಿ" — ಎರಡು ಪೆಟ್ಟು.

ಹಿಂದಿನ ಸೀಟಿನಿಂದ ರಕ್ಷಿತ್ ಎದ್ದು ಬಂದ. "ಬೇಡ ಮಾರಾಯ್ತಿ. ಅದು ಅವನ ಅಮ್ಮನ ಮಾತಲ್ವಾ? ನಿಂಗೆ ಎಂತಕ್ಕೆ ಅದು?"

"ಬರೀ ತಮಾಷೆ ಕಣೋ. ಅಲ್ಲಿ ಯಾರಿಗೂ ಅರ್ಥಾನೇ ಆಗಲ್ಲ."

"ಅವನಿಗೆ ಆಗ್ತದಲ್ಲ."

ಉತ್ತರವಿಲ್ಲದಾಗ ದನಿ ಏರಿಸಬೇಕು, ಅದೂ ನನಗೆ ಗೊತ್ತಿತ್ತು. ಬಸ್ಸಿನ ಜೊತೆ ಸೇರಿ ಕೂಗಿದೆ.

ದ್ವಿತೀಯಾರ್ಧದಲ್ಲಿ ಪ್ರಮೋದ ನಮ್ಮ ಮುಂದೆ ಬಂದು ನಿಂತ. ಗ್ಲೌಸ್ ಸರಿಮಾಡಿಕೊಂಡು ಕಂಬ ಮುಟ್ಟಿದ. ಹಮದ್ ಡೋಲು ಎತ್ತಿದ. ಮೊದಲನೆಯ ಸಲ ಕೂಗಿದಾಗ ಅವನು ತಿರುಗಿಯೇ ನೋಡಿದ — ನಗುತ್ತ, ಕಾಕೂ. ಅವನೂ ಒಂದು ಕ್ಷಣ ನಿಮ್ಮ ಹಾಗೆಯೇ ತಿಳಿದುಕೊಂಡ. ಆಮೇಲೆ ಅವನ ಕಣ್ಣಿಗೆ ಬಿದ್ದದ್ದು ಮುಂದಿನ ಸಾಲಿನ ಹುಡುಗರು. ಒಬ್ಬ ಹೆಬ್ಬೆರಳು ಚೀಪುತ್ತಿದ್ದ. ಇನ್ನೊಬ್ಬ ಕಂಕುಳಲ್ಲಿ ಕೂಸು ಎತ್ತಿಕೊಂಡ ಹಾಗೆ ತೋಳು ತೂಗುತ್ತಿದ್ದ. "ಮಾಮಾ! ಮಾಮಾ!" ಎಂದು ಅಮ್ಮನನ್ನು ಕರೆಯುತ್ತ ಉಳಿದವರು ಹೆಣ್ಣುದನಿ ಮಾಡಿ ಅಳುತ್ತಿದ್ದರು. ಅವನು ಮುಖ ತಿರುಗಿಸಿಕೊಂಡ. ಆಮೇಲೆ ನಾನು ನೋಡಿದ್ದು ಅವನ ಬೆನ್ನು ಮಾತ್ರ.

ಅದೇ ಹೊತ್ತಿಗೆ ಮೈದಾನದ ಆಚೆ, ಹೆಂಗಸರು ಮಕ್ಕಳು ಕೂತಿದ್ದ ಕಡೆ, ನೀವು ಎದ್ದು ನಿಂತಿರಿ. ಅಷ್ಟು ದೂರದಿಂದ ನಿಮಗೆ ಹೆಬ್ಬೆರಳು ಕಾಣುವ ಹಾಗಿರಲಿಲ್ಲ. ಯಾವ ಬಣ್ಣದ ಅಂಗಿಯವರು ಯಾರ ಕಡೆ ಎಂದೂ ನಿಮಗೆ ಗೊತ್ತಿರಲಿಲ್ಲ. ನಿಮಗೆ ಕೇಳಿಸಿದ್ದು ಕನ್ನಡ. ಪರದೇಶದಲ್ಲಿ, ಡೋಲಿನ ಜೊತೆ, ನಿಮ್ಮದೇ ಮಾತು. ನೀವು ಎರಡೂ ಕೈ ಮೇಲೆತ್ತಿ ನಮ್ಮ ತಾಳಕ್ಕೆ ಚಪ್ಪಾಳೆ ತಟ್ಟಿದಿರಿ. ಪ್ರಮೋದ ನಿಮ್ಮನ್ನು ನೋಡಿದ. ನಾನೂ ನೋಡಿದೆ. ಆಗ ನಾನು ಒಂದು ಮಾತು ಹೇಳಿದ್ದರೆ ಹಮದ್ ನಿಲ್ಲಿಸುತ್ತಿದ್ದ, ಅವನು ಕೆಟ್ಟವನಲ್ಲ. ಗುಂಪಿಗೆ ತಲೆ ಇಲ್ಲ ಎನ್ನುತ್ತಿದ್ದೆನಲ್ಲ — ಆ ದಿನ ಇತ್ತು. ಅದು ನನ್ನ ತಲೆ. ನಾನು ನಿಲ್ಲಿಸಲಿಲ್ಲ.

ನಾವು ಸೋತೆವು. ಪ್ರಮೋದ ಒಂದೂ ಗೋಲು ಬಿಡಲಿಲ್ಲ, ಮೈಯೆಲ್ಲ ಕಣ್ಣಾಗಿ ಆಡಿದ. ವರ್ಷಗಟ್ಟಲೆ ನನಗೆ ಅದೇ ಆಸರೆ. ಹಾನಿ ಎಲ್ಲಾಯಿತು, ತೋರಿಸಿ? ಗೆದ್ದವನು ಅವನೇ ತಾನೆ? ಆದರೆ ಆಟ ಮುಗಿದ ಮೇಲೆ ಬೇಲಿಯ ಹತ್ತಿರ ತಿಂಡಿ ಡಬ್ಬಿ ಹಿಡಿದು ನಿಂತಿದ್ದ ನಿಮ್ಮ ಕಡೆ ಬಾರದೆ, ಅವನು ತಲೆ ತಗ್ಗಿಸಿಕೊಂಡು ನೇರ ಒಳಗೆ ಹೋದದ್ದನ್ನೂ ನಾನು ನೋಡಿದ್ದೇನೆ.

ಮರುದಿನ ಫೋನ್ ಮಾಡಿದ. "ಸಿಂಧೂ, ನೀ ಹೇಳಿಕೊಟ್ಟಿಯೇನು?"

ಹೌದು ಎನ್ನಬಹುದಿತ್ತು. ನಾನು ಅಂದದ್ದು: "ಆರೋಪ ಮಾಡೋನು ನೀನು, ಪುರಾವೆ ಇದೆಯಾ?" ಆಮೇಲೆ ಮೆಲ್ಲಗೆ ಸೇರಿಸಿದೆ: "ಆ ಮಾತು ಕೇಳಿಸಿಕೊಂಡವರು ಇಬ್ಬರಿದ್ದೆವು, ಪ್ರಮೋದ್. ಯೋಚನೆ ಮಾಡು."

ನಾನು ರಕ್ಷಿತನ ಹೆಸರು ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಆ ವಾಕ್ಯದ ಬಗ್ಗೆ — ಈಗ ಬರೆಯಲು ಕೈ ಹಿಂಜರಿಯುತ್ತದೆ — ಆ ದಿನ ನನಗೆ ಹೆಮ್ಮೆಯೇ ಇತ್ತು. ಪ್ರಮೋದ ಅವತ್ತಿನಿಂದ ರಕ್ಷಿತನ ಜೊತೆ ಮಾತು ಬಿಟ್ಟ. ರಕ್ಷಿತ್ ನನ್ನನ್ನು ಹಿಡಿದುಕೊಡಲಿಲ್ಲ. ನಿನ್ನೆ ಅವನ ಮುಂದೆ ಆ ಫೋನಿನ ಮಾತನ್ನೂ ಒಪ್ಪಿಕೊಂಡೆ. "ನಂಗೆ ಗೊತ್ತುಂಟು" ಎಂದ. "ನೀನೇ ಹೇಳ್ತಿ ಅಂತ ಕಾದೆ. ಮತ್ತೆ ಕಾಯುದು ಬಿಟ್ಟೆ." ಅಷ್ಟೇ ಹೇಳಿ ಎದ್ದು ಹೋದ.

ಪ್ರಮೋದ ನಿಮಗೆ ಏನೂ ಹೇಳಲಿಲ್ಲ. ನಿಮ್ಮ ಸಂತೋಷ ಕೆಡಬಾರದು ಎಂದು. ಆ ವರ್ಷದ ಗಣೇಶ ಹಬ್ಬಕ್ಕೆ ನಮ್ಮ ಕನ್ನಡದವರೆಲ್ಲ ಸೇರಿದ್ದಾಗ, ಊಟದ ಸಾಲಿನಲ್ಲಿ ನಿಂತು ನೀವು ಎಲ್ಲರಿಗೂ ಆ ಕತೆ ಹೇಳಿದಿರಿ. "ಅರಬ್ಬೀ ಹುಡುಗ್ರು, ನೋಡ್ರಿ, ನಮ್ಮ ಕನ್ನಡದಾಗ ನನ್ನ ಮಗಗ ಧೈರ್ಯ ಹೇಳಿದ್ರು! ಯಾರು ಕಲಿಸ್ಯಾರೋ, ಅವರ ಹೊಟ್ಟಿ ತಣ್ಣಗಿರಲಿ." ನಿಮ್ಮ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದವಳು ನಾನು. ಆ ಹಾರೈಕೆಯನ್ನು ಉಣ್ಣುವವಳ ಹಾಗೆ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಇಷ್ಟು ವರ್ಷ ಅದುಮಿಟ್ಟದ್ದನ್ನು ಈಗೇಕೆ ಹೇಳುತ್ತಿದ್ದೇನೆ ಎಂದರೆ — ಮೊನ್ನೆ ನೀವು ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಮನೆಗೆ ಬಂದಿರಿ. ಕಾಕಾ ಅವರ ಕೆಲಸ ಮುಗಿಯಿತು, ಮುಂದಿನ ತಿಂಗಳು ಧಾರವಾಡಕ್ಕೆ ಹೊರಡುತ್ತೀರಿ. ಪ್ರಮೋದನ ಕೆಲಸ ಸೋಹಾರದಲ್ಲಿ, ಅವನು ಒಮಾನಿನಲ್ಲೇ ಉಳಿಯುತ್ತಾನೆ; ಕಂಪನಿಯ ತಂಡಕ್ಕೆ ಈಗಲೂ ಗೋಲು ಕಾಯುತ್ತಾನೆ. ಅಮ್ಮ ಚಹಾ ಮಾಡಲು ಒಳಗೆ ಹೋದಾಗ ನೀವು ನನ್ನ ಕೈ ಹಿಡಿದುಕೊಂಡಿರಿ.

"ಸಿಂಧೂ, ಆಡಾಕ ಹೋಗೂ ಮುಂಚೆ ಅವ ಫೋನ್ ಎತ್ತಂಗಿಲ್ಲ. ಒಂದ್ಸಲ ಎತ್ತಿದಾಗ, ಹಂಗ ಅನಬ್ಯಾಡವ್ವಾ ಅಂತ ಕಟ್ ಮಾಡಿದ. ನಾ ಏನ್ ತಪ್ಪು ಮಾತಾಡೇನಿ? ಇನ್ನ ಮುಂದ ನಮಗ ಫೋನ್ ಒಂದ ಗತಿ. ನೀ ಶಾಣ್ಯಾಕಿ ಅದಿ, ನೀ ಹೇಳು."

ನಾನು ಹೇಳಿದೆ: "ದೊಡ್ಡವನಾಗಿದ್ದಾನೆ ಕಾಕೂ, ನಾಚಿಕೆ ಅಷ್ಟೇ."

ನೀವು ತಲೆಯಾಡಿಸಿದಿರಿ. "ಹೌದೇನೋ. ನಂದ ತಪ್ಪು ಬಿಡು, ಇನ್ನೂ ಸಣ್ಣಾವ ಅಂತ ತಿಳ್ಕೊಂಡೀನಿ" ಎಂದು ಕಣ್ಣೊರೆಸಿಕೊಂಡಿರಿ. ಮೈದಾನದಲ್ಲಿ ಮಾಡಿದ್ದಕ್ಕಿಂತ ಇದು ದೊಡ್ಡದು. ಅಲ್ಲಿ ಡೋಲಿತ್ತು, ಜನರಿದ್ದರು. ಇಲ್ಲಿ ನೀವು, ನಾನು, ಒಂದು ನೇರ ಪ್ರಶ್ನೆ.

ಹೇಳದಿರುವುದಕ್ಕೂ ವಾದಗಳಿವೆ, ಎಲ್ಲವನ್ನೂ ಮಾಡಿ ನೋಡಿದ್ದೇನೆ. ಒಮಾನಿನಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ನಿಮಗೆ ತೀರ ಹಿತವಾದ ನೆನಪು ಆ ಮಧ್ಯಾಹ್ನದ್ದು. ಅದನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತಿದ್ದೇನೆ. ನಿಮ್ಮ ಮಗ ಜೋಪಾನವಾಗಿ ಮುಚ್ಚಿಟ್ಟಿದ್ದನ್ನು ತೆರೆಯುತ್ತಿದ್ದೇನೆ. ಇದರಿಂದ ಹಗುರಾಗುವವಳು ನಾನೊಬ್ಬಳೇ ಎಂದು ಯಾರಾದರೂ ಹೇಳಿದರೆ ಎದುರಾಡಲಾರೆ. ಆದರೆ ನೀವು ಮಾಡದ ತಪ್ಪನ್ನು ನಿಮ್ಮದೆಂದುಕೊಂಡು ವಿಮಾನ ಹತ್ತುವುದು... ಅದರ ಪರವಾಗಿ ಎಷ್ಟು ಹುಡುಕಿದರೂ ಒಂದು ಮಾತೂ ಸಿಗಲಿಲ್ಲ.

ನೀವು ತಪ್ಪು ಮಾತಾಡಿಲ್ಲ. ಅವನಿಗೆ ಆ ಮಾತು ಬೇಸರವಾಗಿರಲಿಲ್ಲ, ಅದರ ಬಗ್ಗೆ ನಾಚಿಕೆಯೂ ಇರಲಿಲ್ಲ. ಅದನ್ನು ಕೇಳಿದರೆ ಅವನಿಗೆ ಈಗ ನಿಮ್ಮ ದನಿಯ ಜೊತೆ ನಮ್ಮ ದನಿಯೂ ಕೇಳುತ್ತದೆ. ಅದಕ್ಕೇ ಅವನು ಫೋನ್ ಎತ್ತುವುದಿಲ್ಲ.

ಶುಕ್ರವಾರ ಪ್ರಮೋದ ಮನೆಗೆ ಬರುತ್ತಾನೆ ಎಂದಿರಿ. ಅವತ್ತು ನಾನು ನಿಜ್ವಾಕ್ಕೆ ಬರುತ್ತೇನೆ. ಅವನಿಗೂ ಇದನ್ನೇ, ಇಷ್ಟೇ ನೇರವಾಗಿ ಹೇಳುತ್ತೇನೆ. ರಕ್ಷಿತನ ಹೆಸರಿನ ಮೇಲಿರುವುದನ್ನು ನನ್ನ ಹೆಸರಿಗೆ ತೆಗೆದುಕೊಳ್ಳುತ್ತೇನೆ. ಪ್ರಮೋದ ಬೈದರೆ ಎದುರು ಮಾತಾಡುವುದಿಲ್ಲ. ನೀವು ಬೇಗ ಕ್ಷಮಿಸುವವರು ಎಂದು ನನಗೆ ಗೊತ್ತು. ದಯವಿಟ್ಟು ಬೇಗ ಕ್ಷಮಿಸಬೇಡಿ. ಮೊದಲು ಅವನು ಏನು ಹೇಳುತ್ತಾನೋ ಕೇಳಿ. ಹೇಳಿ ಮುಗಿಸಿ ನಾನು ಹೊರಗಡೆ ಕಾರಿನ ಹತ್ತಿರ ನಿಂತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು.