ಮೈಕಿನ ಇಂಗ್ಲಿಷು, ಡ್ರಮ್ಮಿನ ಇಂಗ್ಲಿಷು

ಹೋದ ತಿಂಗಳು ನನಗೊಂದು ಶಾಲು ಹೊದಿಸಿದರು. ಯಾದಗಿರಿಯ ಬಿಸಿಲಿನಲ್ಲಿ ಶಾಲು ಹೊದ್ದು ನಗುವುದಕ್ಕೆ ಒಂದಿಷ್ಟು ಅಭ್ಯಾಸ ಬೇಕು. ನನಗಿರಲಿಲ್ಲ. ಆದರೂ ನಕ್ಕೆ. ಫೋಟೊ ತೆಗೆಯುತ್ತಿದ್ದರಲ್ಲ.

ಶಾಲು ಯಾತಕ್ಕೆ ಅಂತೀರಾ? ಇಂಗ್ಲಿಷ್ ಕಲಿಸಿದ್ದಕ್ಕೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದುಡಿದದ್ದು ರೈಲ್ವೆ ಟಿಕೆಟ್ ಕಿಟಕಿಯಲ್ಲಿ. ಆಚೆಯಿಂದ ಬಂದ ಇಂಗ್ಲಿಷಿಗೆ ಈಚೆಯಿಂದ ಉತ್ತರ ಕೊಟ್ಟೂ ಕೊಟ್ಟೂ ಒಂದಷ್ಟು ಭಾಷೆ ಜಮಾ ಆಗಿತ್ತು. ನಮ್ಮ ಓಣಿಯ ಸಂಘಕ್ಕೆ ಅಷ್ಟು ಸಾಕಾಯಿತು. (ಸಂಘದಲ್ಲಿ ಉಳಿದವರಿಗೆ ಅಷ್ಟೂ ಬರುತ್ತಿರಲಿಲ್ಲ.) ದೊಡ್ಡವರಿಗೆ ಸಂಜೆ ಇಂಗ್ಲಿಷ್ ಕ್ಲಾಸು ಅಂತ ಬೋರ್ಡು ಹಾಕಿದರು. ನನ್ನನ್ನು ‘ಸರ್’ ಮಾಡಿದರು.

ಮೊದಲ ಮೀಟಿಂಗಿನಲ್ಲೇ ಪ್ರಶ್ನೆ ಬಂತು. ಏನು ಕಲಿಸುವುದು? ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ಎಲ್ಲವನ್ನೂ ಕೆಲವೇ ತಿಂಗಳ ಸಂಜೆಗಳಲ್ಲಿ ಕಲಿಸಲಾಗದು. ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು.

ಸಂಘದ ಅಧ್ಯಕ್ಷರದು ಬಟ್ಟೆ ಅಂಗಡಿ. ಶೋಕೇಸಿನಲ್ಲಿ ಏನಿಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ‘ಓದೂದನ್ನ ಸ್ಟೇಜ್ ಮ್ಯಾಲ ಹ್ಯಾಂಗ ತೋರಸ್ತೀರಿ ಸರ? ಅವರು ಸುಮ್ಮ ಕುಂತು ಓದಿದ್ರ, ಮಂದಿ ಚಪ್ಪಾಳಿ ಯಾವಾಗ ಹೊಡೀಬೇಕು?’ ಅಂದರು. ಸಮಾರೋಪ ಸಮಾರಂಭ ಆಗಲೇ ಅವರ ತಲೆಯಲ್ಲಿ ನಡೆದುಹೋಗಿತ್ತು. ನಾನೂ ಅಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದೆ. ಸ್ಪೋಕನ್ ಇಂಗ್ಲಿಷ್ ಅಂತ ಠರಾವು ಆಯಿತು.

ಕಲಿಯುವವರನ್ನು ಕೇಳಿದಿರಾ ಅಂತೀರಾ? ಅವರಿಗೇನು ತಿಳಿಯುತ್ತದೆ? ತಿಳಿದಿದ್ದರೆ ಕ್ಲಾಸಿಗೆ ಯಾಕೆ ಬರುತ್ತಿದ್ದರು?

ಕ್ಲಾಸಿಗೆ ಮುದನಾಳದಿಂದ ಮಹಾದೇವಿ ಅಂತ ಒಬ್ಬಾಕೆ ಬರುತ್ತಿದ್ದಳು. ಕಡೇಚೂರಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಚೀಲ ಹೊರುವ ಕೆಲಸ. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಬಂದ ಡ್ರಮ್ಮಿನ ಮೇಲಿನ ಇಂಗ್ಲಿಷ್ ಬರಹ ನೋಡಿ ಯಾವುದು ಎಲ್ಲಿರಬೇಕು ಎಂದು ಹೇಳುವ ಕೆಲಸ. ಹೊರುವುದೇನೂ ಇಲ್ಲ.

ಮೊದಲ ದಿನವೇ ಆಕೆ ಎದ್ದು ನಿಂತು ಹೇಳಿದಳು. ‘ಸರ, ಅಲ್ಲಿ ಯಾರೂ ಇಂಗ್ಲಿಷ್ ಮಾತಾಡಂಗಿಲ್ರಿ. ಡ್ರಮ್ಮಿನ ಮ್ಯಾಲಿಂದು ಓದಾಕ ಬಂದ್ರ ಸಾಕು. ಅಷ್ಟ ಕಲಸ್ರಿ.’

ನಾನು ನಕ್ಕೆ. ರೋಗಿಯೇ ಔಷಧಿಯ ಹೆಸರು ಹೇಳಿದಾಗ ಡಾಕ್ಟರು ನಗುತ್ತಾರಲ್ಲ, ಹಾಗೆ. ಮೊದಲು ಬಾಯಿ ಬಿಡುವುದನ್ನು ಕಲಿ ತಾಯಿ, ಓದುವುದು ತಾನಾಗಿಯೇ ಬರುತ್ತದೆ ಅಂದೆ. (ಎಲ್ಲಿಂದ ಬರುತ್ತದೆ? ಪ್ಯಾಸೆಂಜರ್ ಗಾಡಿಯಲ್ಲಿ?)

ಬಾಯಿ ಬಿಡಿಸಿದೆ. ಗುಡ್ ಈವ್ನಿಂಗ್, ಥ್ಯಾಂಕ್ಯೂ, ಐ ಆಮ್ ವೆರಿ ಸಾರಿ ಸರ್. ಆಮೇಲೆ ಸ್ವಪರಿಚಯ. ಸಮಾರಂಭದ ದಿನ ಮಹಾದೇವಿ ಇಳಕಲ್ ಸೀರೆ ಉಟ್ಟು ಮೈಕಿನ ಮುಂದೆ ಬಂದಳು. ‘ಮೈ ನೇಮ್ ಈಸ್ ಮಹಾದೇವಿ. ಮೈ ಹಾಬಿ ಈಸ್ ರೀಡಿಂಗ್ ಬುಕ್ಸ್’ ಅಂದಳು. ಬಾಯಿಪಾಠ ಮಾಡಿಸಿದವನು ನಾನೇ. ಹಾಬಿ ಇಲ್ಲದವರನ್ನು ಇಂಗ್ಲಿಷು ಮನುಷ್ಯರೆಂದು ಒಪ್ಪುವುದಿಲ್ಲ ಅನ್ನುವುದು ನನ್ನ ನಂಬಿಕೆ. ಸುರಪುರದಿಂದ ಬಂದಿದ್ದ ಮುಖ್ಯ ಅತಿಥಿಗಳು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ನನಗೆ ಶಾಲು ಬಂತು.

ಮುಂದಿನ ವಾರ ಸ್ಟೋರಿನ ಜಾಗಕ್ಕೆ ಪರೀಕ್ಷೆ. ಅದು ಮುಗಿದ ಸಂಜೆ ಮಹಾದೇವಿ ನೇರ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಚಹಾ ಕೊಟ್ಟಳು. ಮಹಾದೇವಿ ಅರ್ಧ ಕುಡಿದು, ಲೋಟ ಕೆಳಗಿಟ್ಟು, ನಡೆದದ್ದನ್ನು ಹೇಳಿದಳು.

ಸೂಪರ್‌ವೈಸರ್ ಮುಂದೆ ನೆಟ್ಟಗೆ ನಿಂತು ಗುಡ್ ಮಾರ್ನಿಂಗ್ ಅಂದಳಂತೆ. ಹೆಸರು ಹೇಳಿದಳಂತೆ. ಹಾಬಿಯನ್ನೂ ಬಿಡಲಿಲ್ಲವಂತೆ. ಆತ ಎಲ್ಲವನ್ನೂ ಕೇಳಿಸಿಕೊಂಡು ಅಂದನಂತೆ: ‘ಯವ್ವಾ, ನಾ ಶಹಾಪುರದಾಂವ. ನನ್ನ ಕೂಡ ಇಂಗ್ಲಿಷ್ ಯಾಕ? ಇಲ್ಲಿ ಎರಡು ಡ್ರಮ್ ಅದಾವ. ನೀರು ತಾಕಬಾರದ್ದು ಯಾವುದು? ಹಾಬಿ ಓದೂದು ಅಂದೀಯಲ್ಲ, ಓದಿ ಹೇಳು.’

ಆಕೆ ಡ್ರಮ್ಮಿನ ಬಣ್ಣ ನೋಡಿ ಅಂದಾಜಿನ ಮೇಲೆ ಒಂದನ್ನು ತೋರಿಸಿದಳು. ತಪ್ಪಾಯಿತು. ಸುತ್ತ ನಿಂತವರು ನಕ್ಕರು. ಮಹಾದೇವಿ ‘ಐ ಆಮ್ ವೆರಿ ಸಾರಿ ಸರ್’ ಅಂದಳಂತೆ. ಅದೊಂದು ಮಾತ್ರ ಎಲ್ಲೂ ತಡವರಿಸದೆ ಬಂತಂತೆ. ಚೆನ್ನಾಗಿ ಕಲಿಸಿದ್ದೆ ನೋಡಿ.

ಆ ಜಾಗ ಬೇರೆಯವರಿಗೆ ಹೋಯಿತು. ಮಹಾದೇವಿ ಮರುದಿನ ಮತ್ತೆ ಚೀಲಕ್ಕೆ ಹೋಗಬೇಕಿತ್ತು.

ಹೆಂಡತಿ ಮೊಳೆಗೆ ನೇತುಹಾಕಿದ್ದ ಶಾಲಿನ ಕಡೆ ಕೈ ತೋರಿಸಿದಳು. ‘ಅದನ್ನ ಆಕಿಗಿ ಕೊಟ್ಟುಬಿಡ್ರಿ. ಚೀಲ ಹೊರಾಕ ಹೆಗಲಿಗಿ ಮೆತ್ತಗಾಗ್ತದ.’

ಮಹಾದೇವಿಯೂ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ತಪ್ಪು ನನ್ನದು ನೋಡವ್ವ ಅಂದೆ, ಕನ್ನಡದಲ್ಲೇ. ‘ಅದಿರ್ಲಿ ಬಿಡ್ರಿ ಸರ’ ಅಂದಳು. ಮೊಬೈಲು ತೆಗೆದು, ಯಾರ ಕೈಯಿಂದಲೋ ತೆಗೆಸಿಕೊಂಡು ಬಂದಿದ್ದ ಡ್ರಮ್ಮಿನ ಫೋಟೊ ನನ್ನ ಮುಂದೆ ಹಿಡಿದಳು. ‘ಇದು ಯಾವ ಅಕ್ಷರ ಹೇಳ್ರಿ. ಇನ್ನೊಂದು ಜಾಗ ಖಾಲಿ ಆದ್ರ ಮತ್ತ ಕರೀತಾರಂತ.’

ಈಗ ನಮ್ಮ ಕಟ್ಟೆಯ ಮೇಲೆ ಸಂಜೆ ಕ್ಲಾಸು. ಮೈಕಿಲ್ಲ. ಸಂಘದ ಅಧ್ಯಕ್ಷರು ಒಮ್ಮೆ ಬಂದು ಇಣುಕಿ, ಇದರಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಹೋದರು. ಮುಂದಿನ ಬ್ಯಾಚಿಗೆ ಸ್ವಪರಿಚಯದ ಜೊತೆ ಇಂಗ್ಲಿಷ್ ಹಾಡನ್ನೂ ಸೇರಿಸೋಣವೇ ಎಂದು ಕೇಳಿದ್ದಾರೆ.

ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ತನಗೆ ಏನು ಬೇಕು ಅನ್ನುವುದನ್ನು ಮಹಾದೇವಿ ಮೊದಲ ದಿನವೇ ಹೇಳಿದ್ದಳು, ಅದೂ ಸ್ಪಷ್ಟ ಕನ್ನಡದಲ್ಲಿ. ಕನ್ನಡ ಕೇಳಿಸಿಕೊಳ್ಳುವುದನ್ನು ಕಲಿಸುವ ಸಂಜೆ ಕ್ಲಾಸು ಎಲ್ಲಾದರೂ ಇದೆಯೇ?