ಭತ್ತ ನೋಡುವವರು

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ನಾನು ತೂಕ ಬರೆಯುತ್ತಿದ್ದೆ, ಎಲ್ಲರೂ ಕಾಕಾ ಎನ್ನುತ್ತಿದ್ದ ಹಿರಿಯರೊಬ್ಬರು ಭತ್ತ ನೋಡುತ್ತಿದ್ದರು. ಒಂದು ಹಿಡಿ ಭತ್ತವನ್ನು ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುವರು. ರೈತರು ಅವಸರ ಮಾಡಿದರೆ, "ತಡೀರಿ, ಅದು ಮಾತಾಡ್ಲಿ," ಎನ್ನುವರು. ಮುಗ್ಗಲು ವಾಸನೆ ಎಂದರೆ ಮುಗಿಯಿತು, ಭತ್ತ ವಾಪಸ್ಸು ಹೋಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಲಿಂಗಸುಗೂರಿನ ನನ್ನ ಷಡ್ಡಕ ನಮ್ಮ ಮನೆಗೆ ಸ್ಕಾಚ್ ಸಿಂಗಲ್ ಮಾಲ್ಟ್ ವಿಸ್ಕಿ ತಂದ. ಯಾರೋ ವ್ಯಾಪಾರಿ ಒಂದೇ ಪೀಪಾಯಿ ಕೊಂಡು, ನೀರು ಬೆರೆಸದೆ ಬಾಟಲಿಗೆ ತುಂಬಿ, ತನ್ನದೇ ಚೀಟಿ ಅಂಟಿಸಿ ಮಾರಿದ್ದು. ಕಾಕಾ ಅವರನ್ನೂ ಕರೆದಿದ್ದೆ.

"ಕಾಕಾ, ಇವತ್ತು ನಿಮ್ಮ ಮೂಗಿಗೆ ಪರೀಕ್ಷಾ ರೀ," ಎಂದ ಷಡ್ಡಕ.

ನನಗೆ ಸುಟ್ಟ ಬೆಲ್ಲದ ವಾಸನೆ ಬಂತು, ಅದರ ಹಿಂದೆ ಹೊಗೆ. ಅವರು ಬಹಳ ಹೊತ್ತು ಮೂಸಿ ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸಿದರು.

"ಉರೀತೈತಿ. ಅಷ್ಟ."

"ಭತ್ತಕ್ಕಷ್ಟ ಏನ್ರೀ ಆ ಮೂಗು!" ಷಡ್ಡಕ ನಗುತ್ತಾ ಐಸ್ ತರಲು ಒಳಗೆ ಹೋದ.

ಅವರು ಗ್ಲಾಸು ಕೆಳಗಿಟ್ಟರು. "ಜ್ವರ ಬಂದು ಹೋದಾಗಿಂದ ಯಾವ ವಾಸನಿನೂ ಇಲ್ಲಪ್ಪ. ಎರಡು ತಿಂಗಳಾತು."

"ಮತ್ತ ಗಿರಣ್ಯಾಗ?"

"ರೈತನ ಮಾರಿ ನೋಡಿ ಹೇಳಾಕತ್ತೀನಿ. ಅಂಜಿದವನ ಭತ್ತ ಕೆಟ್ಟದ್ದಂತ."

ಅವರ ಮುಂದೆ ಅಂಜದೆ ನಿಂತ ರೈತರು ಕಡಿಮೆ.

ಮರುದಿನ ಬೆಳಿಗ್ಗೆ ಧಣಿಗೆ ಅವರೇ ಎಲ್ಲವನ್ನೂ ಹೇಳಿ ಕೆಲಸ ಬಿಟ್ಟರು. ಆಮೇಲೆ ತುರ್ವಿಹಾಳದ ಬಸ್ಸು ಹತ್ತಿದರು. ಹಿಂದಿನ ವಾರ ಅವರು ಭತ್ತ ವಾಪಸ್ಸು ಕಳಿಸಿದ್ದ ರೈತನ ಮನೆ ಅಲ್ಲಿತ್ತು.